ಕೊಕ್ಕೆಯೊಳಗಿನ ಮಾತು

ಶಿಕಾರಿಪುರದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ನಾನು ಇಂಗ್ಲಿಷ್ ಕಲಿಸಲು ಸೇರಿದ ವರ್ಷ, ಮಕ್ಕಳು ಮೊದಲು ಜಗಳ ತೆಗೆದದ್ದು ದೊಡ್ಡಕ್ಷರದ ಮೇಲೆ. ಕನ್ನಡದ ಅಕ್ಷರಗಳಲ್ಲಿ ದೊಡ್ಡದು ಸಣ್ಣದು ಎಂಬ ಭೇದವಿಲ್ಲ. ಇಂಗ್ಲಿಷಿನಲ್ಲಿ ಏಕಿದೆ ಎಂಬುದಕ್ಕೆ ಅವರು ತಾವಾಗಿಯೇ ಒಂದು ಕಾರಣ ಹುಡುಕಿಕೊಂಡಿದ್ದರು. ಬಹುವಚನ ಕೊಡಬೇಕಾದವರಿಗೆ ದೊಡ್ಡಕ್ಷರ, ಏಕವಚನ ಸಾಕಾದವರಿಗೆ ಸಣ್ಣಕ್ಷರ. ಅಜ್ಜ, ಅಮಲ್ದಾರರು, ದೇವರು, ಇವರು ವಾಕ್ಯದಲ್ಲಿ ಎಲ್ಲಿ ಬಂದರೂ ದೊಡ್ಡಕ್ಷರ ಹೊತ್ತು ಬರುತ್ತಿದ್ದರು. ಕಳ್ಳ, ನಾಯಿ, ತಮ್ಮ ವಾಕ್ಯದ ಮೊದಲಿಗೇ ನಿಂತಿದ್ದರೂ ಸಣ್ಣಕ್ಷರದಲ್ಲೇ ಇರುತ್ತಿದ್ದರು.

‘ನಾನು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಯಾವಾಗಲೂ ದೊಡ್ಡಕ್ಷರ ಎಂದು ಹೇಳಿದ ದಿನ ತರಗತಿಯಲ್ಲಿ ಗುಲ್ಲೆದ್ದಿತು.

“ನಾನು ಅನ್ನಾದು ದೊಡ್ಡದು, ನೀವು ಅನ್ನಾದು ಸಣ್ಣದೇನ್ರೀ ಅಕ್ಕೋರೆ?” ಎಂದು ಒಬ್ಬಳು ಕೇಳಿದಳು. ಆ ಕಡೆ ಹೆಣ್ಣು ಮೇಷ್ಟರನ್ನು ಅಕ್ಕೋರು ಎನ್ನುತ್ತಾರೆ.

“ಇಂಗ್ಲಿಷ್‌ನೋರಿಗೆ ಮನ್ಯಾಗ ಯಾರೂ ಮರ್ಯಾದಿ ಕಲಿಸಿಲ್ಲ ಬಿಡ್ರಿ,” ಎಂದು ಹಿಂದಿನ ಸಾಲಿನಿಂದ ಇನ್ನೊಬ್ಬಳು ಹೇಳಿದಳು.

ಸಂಭಾಷಣೆ ಬರೆಯುವ ಪಾಠ ಇದಕ್ಕಿಂತ ಕಷ್ಟವಾಯಿತು. ಹೇಳಿದವರು ಯಾರೆಂದು ಬರೆದು ಅಲ್ಪವಿರಾಮ ಹಾಕಬೇಕು. ಆಮೇಲೆ ಉದ್ಧರಣ ಚಿಹ್ನೆ ತೆರೆಯಬೇಕು. ಒಳಗಿನ ಮೊದಲ ಅಕ್ಷರ ದೊಡ್ಡದಾಗಿರಬೇಕು. ಮಾತು ಮುಗಿದಲ್ಲಿ ಚುಕ್ಕಿಯನ್ನು ಒಳಗೇ ಇಟ್ಟು ಚಿಹ್ನೆ ಮುಚ್ಚಬೇಕು. ಬೋರ್ಡಿನ ಮೇಲೆ ಎಷ್ಟು ಬರೆದು ತೋರಿಸಿದರೂ ಅದು ಅವರ ಕೈಗೆ ಇಳಿಯಲಿಲ್ಲ. ಕೊನೆಗೆ ನಾನು ಮಕ್ಕಳನ್ನೇ ವಾಕ್ಯ ಮಾಡಿ ನಿಲ್ಲಿಸಿದೆ. ಒಬ್ಬಳು “ಅಜ್ಜ ಹೇಳಿದರು” ಎಂದು ಹೇಳಿ ನಿಲ್ಲುವಳು. ಪಕ್ಕದವಳು ಒಂದು ಚಪ್ಪಾಳೆ ತಟ್ಟುವಳು, ಅದು ಅಲ್ಪವಿರಾಮ. ಇನ್ನಿಬ್ಬರು ಎರಡೆರಡು ಬೆರಳು ಬಗ್ಗಿಸಿ ಎತ್ತಿ ಹಿಡಿದು ಎದುರುಬದುರಾಗಿ ನಿಲ್ಲುವರು. ಆ ಇಬ್ಬರ ನಡುವೆ ಬಂದು ನಿಂತವಳು ಅಜ್ಜನ ಮಾತನ್ನು ಅಜ್ಜ ಆಡಿದ ಹಾಗೆಯೇ ಆಡಬೇಕು. ಬಗ್ಗಿದ ಬೆರಳುಗಳಿಗೆ ಮಕ್ಕಳು ಕೊಕ್ಕೆ ಎಂದು ಹೆಸರಿಟ್ಟರು. ನಾನೂ ಹಾಗೆಯೇ ಕರೆದೆ.

ಕೊಕ್ಕೆಯೇ ಇಲ್ಲದೆ ಬರೆಯುತ್ತಿದ್ದವಳು ಒಬ್ಬಳೇ. ಅವಳು ಕೊನೆಯ ತರಗತಿಯ ಹುಡುಗಿ, ನಾನು ಬಾಡಿಗೆಗಿದ್ದ ಮನೆಯ ಯಜಮಾನರ ಮೊಮ್ಮಗಳು. ಯಾರ ಮಾತನ್ನೇ ಕೊಡಲಿ, ಅದನ್ನು ತನ್ನ ಮಾತಾಗಿ ಮಾಡಿ, ಮೂಲೆ ಸವರಿ ಇಡುತ್ತಿದ್ದಳು. “ಎತ್ತು ಬಿಟ್ಟು ನಡೆಯೋ ಕಳ್ಳ!” ಎಂದು ರೈತ ಕೂಗುವ ವಾಕ್ಯ ಕೊಟ್ಟರೆ, ಎತ್ತನ್ನು ದಯವಿಟ್ಟು ಬಿಟ್ಟರೆ ಒಳ್ಳೆಯದೆಂದು ರೈತ ತಿಳಿಸಿದನು ಎಂದು ಬರೆದಿದ್ದಳು. ತರಗತಿಯೆಲ್ಲ ನಕ್ಕಿತು. ಅವಳೂ ನಕ್ಕಳು.

ಅವಳು ಹಾಗೇಕೆ ಬರೆಯುತ್ತಾಳೆಂದು ನನಗೆ ಗೊತ್ತಿತ್ತು. ಆ ಮನೆಯ ಮುಂಭಾಗದ ಕೋಣೆ ನನ್ನದು. ನನ್ನ ಸ್ವಂತ ಮನೆ ಸೊರಬದಲ್ಲಿ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹತ್ತಿದರೆ ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಮರಳುತ್ತಿದ್ದೆ. ಉಳಿದ ದಿನಗಳಲ್ಲಿ ಕೋಣೆಯೊಳಗೆ ಓದಿಕೊಂಡಿರುತ್ತಿದ್ದೆ. ಇನ್ನೊಬ್ಬರ ಮನೆಯ ಮಾತಿಗೆ ಕಿವಿ ಕೊಡಬಾರದು ಎಂಬುದು ನಾನು ಮೈಸೂರಿನ ಹಾಸ್ಟೆಲಿನಿಂದಲೇ ತಂದ ನಿಯಮ. ಆ ಮನೆಯಲ್ಲಿ ಅದನ್ನು ಪಾಲಿಸುವುದು ಸಾಧ್ಯವಾಗಲಿಲ್ಲ.

ಮನೆಯಲ್ಲಿದ್ದವರು ಮೂವರು. ಅಜ್ಜ, ಅವರ ಸೊಸೆ, ಮೊಮ್ಮಗಳು. ಮಗ ಶಿವಮೊಗ್ಗದ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದು ಹಬ್ಬಕ್ಕೆ ಬರುವವರು. ಅಜ್ಜನ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಹೇಳಬೇಕಾದುದನ್ನು ಆಕೆ ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಮಗಳಿಗೆ ಹೇಳುವರು, ಮಗಳು ಪಡಸಾಲೆಗೆ ಬಂದು ಅಜ್ಜನಿಗೆ ಹೇಳುವಳು. ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ. ಆಚೆಯ ಪಿಸುಮಾತೂ ಈಚೆಗೆ ಕೇಳಿಸುತ್ತಿತ್ತು. ಆದರೆ ಕೇಳಿಸಿದ್ದು ಲೆಕ್ಕಕ್ಕಿಲ್ಲ. ಹುಡುಗಿ ಬಂದು ಹೇಳಿದ ಮೇಲೆಯೇ ಅದು ಮಾತು.

“ಎಣ್ಣಿ ಮುಗಿದು ಎಷ್ಟು ದಿನ ಆತು, ಹೇಳಿ ಹೇಳಿ ನನ್ನ ಬಾಯಿ ಒಣಗೇತಿ ಅನ್ನು,” ಎಂದು ಒಳಗಿನಿಂದ ಬರುವುದು.

“ಅಜ್ಜ, ಎಣ್ಣಿ ಮುಗಿಯಾಕೆ ಬಂದೈತಂತೆ. ತರಿಸಿದ್ರೆ ಚಲೋ ಅಂತೆ.”

“ನಿಮ್ಮವ್ವ ಎಣ್ಣಿ ಕುಡಿತಾಳೇನು ಕೇಳು.”

ಹುಡುಗಿ ಒಳಗೆ ಹೋಗಿ, “ಅವ್ವ, ತರಿಸ್ತಾರಂತೆ,” ಎನ್ನುವಳು.

ಎಣ್ಣೆ ಬರುತ್ತಿತ್ತು. ಇಬ್ಬರೂ ಎಲ್ಲವನ್ನೂ ಕೇಳಿಸಿಕೊಂಡಿದ್ದರೂ ಮನೆ ಶಾಂತವಾಗಿರುತ್ತಿತ್ತು. ಹುಡುಗಿ ಅಷ್ಟು ನಾಜೂಕಾಗಿ ಈ ಕೆಲಸ ಮಾಡುತ್ತಿದ್ದಳು.

ಪರೀಕ್ಷೆ ಹತ್ತಿರ ಬಂದಿದ್ದಾಗ, ಸೊರಬದ ಕಡೆಯ ಹೊಸಬಾಳೆಯಿಂದ ಒಬ್ಬ ಆಳು ಸುದ್ದಿ ತಂದ. ಅಜ್ಜನ ಮಗಳಿಗೆ ಅಲ್ಲಿ ಹೆರಿಗೆಯಾಗಿತ್ತು. ಮೊದಲಿನ ಎರಡು ಮಕ್ಕಳು ಇನ್ನೂ ಸಣ್ಣವು, ಆಕೆಯ ಅತ್ತೆ ಹಾಸಿಗೆ ಹಿಡಿದಿದ್ದರು, ಮನೆಯಲ್ಲಿ ಕೈಗೊಬ್ಬರು ಬೇಕು. ಅಜ್ಜ ಆಳಿಗೆ ಊಟ ಹಾಕಿಸಿ, ಎದ್ದು ಕೈ ತೊಳೆಯುವಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟಿದ್ದರು. ಶನಿವಾರ ಮೊಮ್ಮಗಳು ಹೋಗುತ್ತಾಳೆ.

ಆ ಪರೀಕ್ಷೆಯಲ್ಲಿ ಪಾಸಾದವರಿಗೆ ಮಾತ್ರ ಹೈಸ್ಕೂಲು. ಕೂರದೇ ಹೋದರೆ ಮುಂದಿನ ವರ್ಷ ಮತ್ತೆ ಬರೆಯಬಹುದೆಂದು ಬಾಯಿಮಾತಿಗೆ ಹೇಳುತ್ತಿದ್ದರು. ಹಾಗೆ ಬಿಟ್ಟುಹೋದ ಹುಡುಗಿ ಮರಳಿ ಬೆಂಚಿಗೆ ಬಂದು ಕೂತದ್ದನ್ನು ನಮ್ಮ ಶಾಲೆಯಲ್ಲಿ ಯಾರೂ ಕಂಡಿರಲಿಲ್ಲ.

ಆ ಸಂಜೆ ಗೋಡೆಯ ಆಚೆಯಿಂದ ಕೇಳಿಸಿತು. “ಪರೀಕ್ಷಿ ಮುಗೀಲಿ. ಆಮೇಲೆ ಬೇಕಾದ್ರೆ ನಾನೇ ಹೋಗಿ ಬಾಣಂತನ ಮಾಡ್ತೀನಿ. ಈಗ ಕಳಸಾಕಾಗಲ್ಲ ಅನ್ನು.”

ಹುಡುಗಿ ಪಡಸಾಲೆಗೆ ಬಂದಳು. “ಅಜ್ಜ, ಪರೀಕ್ಷಿ ಐತಲ್ಲ ಅಂತ ಅವ್ವ ನೆನಪು ಮಾಡಿದ್ಲು.”

“ಪರೀಕ್ಷಿ ಎಲ್ಲಿಗೆ ಓಡಿ ಹೋಗ್ತೈತಿ? ಹೆಣ್ಣುಡುಗಿ ಓದಿ ಕಚೇರಿಗೆ ಹೋಗಾದು ಅಷ್ಟ್ರಾಗೇ ಐತಿ. ಬಟ್ಟೆ ಕಟ್ಟು ಅನ್ನು.”

ಒಳಗೆ ಹೋದವಳ ದನಿ ಸಣ್ಣಗೆ ಕೇಳಿಸಿತು. “ಯೋಚ್ನೆ ಮಾಡ್ತಾರಂತೆ.”

ಎಣ್ಣೆಯ ವಿಷಯಕ್ಕೆ ಆ ಜಾಣತನ ಸಾಕಾಗಿತ್ತು. ಈಗ ಅವಳು ತನ್ನ ವಿಷಯವನ್ನೇ ಸವರಿ ಸವರಿ ಇಡುತ್ತಿದ್ದಳು. ತಾಯಿ ಬೇಡ ಎಂದದ್ದು ಅಜ್ಜನನ್ನು ತಲುಪುತ್ತಿರಲಿಲ್ಲ, ಅಜ್ಜ ಕಟ್ಟು ಎಂದದ್ದು ತಾಯಿಯನ್ನು ತಲುಪುತ್ತಿರಲಿಲ್ಲ. ಶನಿವಾರ ಮಾತ್ರ ಹತ್ತಿರ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಅಜ್ಜ ನನ್ನ ಕೋಣೆಯ ಹೊಸ್ತಿಲ ಬಳಿ ಬಂದು ನಿಂತರು. ನನ್ನೊಡನೆ ಅವರು ನೇರವಾಗಿಯೇ ಮಾತಾಡುತ್ತಿದ್ದರು.

“ಅಕ್ಕೋರೆ, ಶನಿವಾರ ಊರಿಗೆ ಹೋಗ್ತೀರಲ್ರೀ?”

“ಹೋಗ್ತೀನಿ.”

“ನಮ್ಮ ಹುಡುಗಿನ್ನ ಜೊತಿಗೆ ಕರ್ಕಂಡ್ ಹೋಗ್ರಿ. ಸೊರಬದಾಗ ನಮ್ಮಳಿಯ ಗಾಡಿ ತಗಂಡು ಬಂದಿರ್ತಾನೆ. ನೀವಿದ್ರೆ ನಮಗೂ ಧೈರ್ಯ.”

“ನೋಡ್ತೀನಿ,” ಎಂದೆ. ಅದು ಬೇಡ ಎಂಬ ಅರ್ಥದಲ್ಲಿ ಹೇಳಿದ್ದು. ಅವರು ಒಪ್ಪಿಗೆ ಎಂದು ತಿಳಿದು ತಲೆಯಾಡಿಸಿ ಹೋದರು.

ಹೆಡ್‌ಮಿಸ್ಟ್ರೆಸ್‌ಗೆ ವಿಷಯ ತಿಳಿಸಿದೆ. ಅವರು ಹಾಜರಿ ಪುಸ್ತಕದಿಂದ ತಲೆಯೆತ್ತದೆ, “ಮಗು ಅವರದ್ದಮ್ಮ. ಬಿಡಿಸಿಕೊಂಡು ಹೋಗ್ತೀವಿ ಅಂದ್ರೆ ನಾವು ಹಿಡಿದಿಟ್ಕೊಳ್ಳೋಕಾಗುತ್ತಾ? ನೀವು ಅವರ ಮನೇಲೇ ಇರೋರು. ಕೆಲಸವೂ ಇನ್ನೂ ಕಾಯಂ ಆಗಿಲ್ಲ,” ಎಂದರು. ಆಮೇಲೆ ಸ್ವಲ್ಪ ಮೆತ್ತಗೆ, “ಒಳ್ಳೇ ಹುಡುಗಿ,” ಎಂದರು, ಆಗಲೇ ಹೋದವಳ ಬಗ್ಗೆ ಹೇಳುವ ಹಾಗೆ.

ಆ ದಿನ ಪಾಠ ಮತ್ತೆ ಸಂಭಾಷಣೆಯದೇ. ಹುಡುಗಿಯನ್ನು ಕೊಕ್ಕೆಗಳ ನಡುವೆ ನಿಲ್ಲಿಸುವ ಸರದಿ ಬಂತು. ಅವಳು ಹೋಗಿ ನಿಂತಳು. ಪಾಠದ ಮಾತಾಡುವ ಬದಲು ನನ್ನನ್ನು ಕೇಳಿದಳು.

“ಅಕ್ಕೋರೆ, ಇದರೊಳಗಿನ ಮಾತು ಒಂಚೂರೂ ಬದಲು ಮಾಡ್ಬಾರದೇನ್ರೀ?”

“ಮಾಡಬಾರದು.”

“ಕೇಳಿದೋರಿಗೆ ಸಿಟ್ಟು ಬರಂಗಿದ್ರೂ?”

“ಬಂದರೂ ಸರಿ. ಆ ಮಾತು ಹೇಳಿದವರದು. ಬರೆದವರದಲ್ಲ.”

“ಹಂಗಾದ್ರೆ ಬೈಯೋರು ಯಾರಿಗೆ ಬೈತಾರ್ರೀ?”

“ಹೇಳಿದವರಿಗೆ ಬೈಯಲಿ. ಹೇಳಿದವರು ಯಾರೆಂದು ಮೊದಲೇ ಬರೆದಿರುತ್ತೇವಲ್ಲ.”

“ಒಳಗಿನ ಮೊದಲನೇ ಅಕ್ಷರ, ಯಾರು ಮಾತಾಡಿದ್ರೂ ದೊಡ್ಡದೇ?”

“ಯಾರು ಮಾತಾಡಿದರೂ. ರಾಜನಾಗಲಿ, ಆಳಾಗಲಿ.”

“ಸೊಸಿ ಮಾತಾಡಿದ್ರೂನೂ?”

ಮಕ್ಕಳು ಬಿದ್ದು ಬಿದ್ದು ನಕ್ಕರು. “ಅವರವ್ವಗೆ ದೊಡ್ಡಕ್ಷರ ಬೇಕಂತ್ರೀ!” ಎಂದು ಒಬ್ಬಳು ಕೂಗಿದಳು. ಈ ಸಲ ಹುಡುಗಿ ನಗಲಿಲ್ಲ. ಸೊಸೆ ಮಾತಾಡಿದರೂ ದೊಡ್ಡಕ್ಷರವೇ ಎಂದು ನಾನು ಹೇಳಿದೆ. ಅವಳು ತಲೆಯಾಡಿಸಿ ತನ್ನ ಜಾಗಕ್ಕೆ ಹೋಗಿ ಕೂತಳು.

ಶುಕ್ರವಾರ ಸಂಜೆ ದೀಪ ಹಚ್ಚುವ ಹೊತ್ತು. ನನ್ನ ಕೋಣೆಯ ಬಾಗಿಲು ತೆರೆದಿತ್ತು. ಪಡಸಾಲೆಯ ಮಣೆಯ ಮೇಲೆ ಅಜ್ಜ ನಶ್ಯದ ಡಬ್ಬಿ ಹಿಡಿದು ಕೂತಿದ್ದರು. ಗೋಡೆಯ ಪಕ್ಕದಲ್ಲಿ ಹುಡುಗಿಯ ಬಟ್ಟೆಯ ಗಂಟು ಇತ್ತು. ಅದನ್ನು ಅಜ್ಜ ತಾವೇ ಕಟ್ಟಿದ್ದರು, ಗಂಡಸರು ಕಟ್ಟುವ ಹಾಗೆ, ಹುಲ್ಲಿನ ಹೊರೆಗೆ ಹಾಕುವ ಗಂಟು ಹಾಕಿ.

ಒಳಗಿನಿಂದ ತಾಯಿಯ ಮಾತು ಬಂತು. ದೀರ್ಘವಾಗಿ ಬಂತು. ಅಜ್ಜ ಅದನ್ನು ಕೇಳಿಸಿಕೊಳ್ಳದವರಂತೆ ಡಬ್ಬಿಯ ಮುಚ್ಚಳ ತೆರೆದು ಎರಡು ಬೆರಳಲ್ಲಿ ನಶ್ಯ ತೆಗೆದರು. ಹುಡುಗಿ ಅಡಿಗೆಮನೆಯ ಬಾಗಿಲಿನಿಂದ ಹೊರಗೆ ಬಂದಳು. ಎಂದಿನಂತೆ ಗೋಡೆಗೆ ಒರಗಿ ನಿಲ್ಲಲಿಲ್ಲ. ಅಜ್ಜನ ಎದುರಿಗೇ ಬಂದಳು.

“ಅಜ್ಜ, ಅವ್ವ ಅಂದ್ಲು,” ಎಂದಳು. ಅಲ್ಲಿ ನಿಂತಳು. ಉಸಿರು ಎಳೆದುಕೊಂಡಳು. ಚಪ್ಪಾಳೆ ತಟ್ಟುವವಳು ಪಕ್ಕದಲ್ಲಿರಲಿಲ್ಲ, ಅಷ್ಟೆ.

“‘ನಾನು ತೊಗರ್ಸಿಯಾಗ ನಾಕನೇ ಕ್ಲಾಸು ಓದ್ತಿದ್ದೆ. ನಮ್ಮಕ್ಕನ ಬಾಣಂತನಕ್ಕೆ ಅಂತ ಬಿಡಿಸಿದ್ರು. ಒಂದು ತಿಂಗಳು ಅಂದ್ರು. ಮತ್ತೆ ನಾನು ಪಾಟಿ ಹಿಡೀಲಿಲ್ಲ. ಕೂಸಿನ ಮೇಲೆ ನನಗೇನು ಸಿಟ್ಟಿಲ್ಲ. ಆದ್ರೆ ನನ್ನ ಮಗಳನ್ನ ಕಳಸಲ್ಲ. ಕಳಿಸಿದ್ರೆ ಅದೇ ಬಸ್ಸಿಗೆ ನಾನೂ ಹತ್ತಿ ತೊಗರ್ಸಿಗೆ, ನನ್ನ ತವರಿಗೆ ಹೋಗ್ತೀನಿ. ಮಾವಾರು ತಮ್ಮ ಅಡಿಗಿ ತಾವೇ ಮಾಡ್ಕಳ್ಳಿ.’”

ನನ್ನ ಮಗಳನ್ನ ಕಳಸಲ್ಲ ಎಂದು ಆ ಮಗಳೇ ನಿಂತು ಹೇಳಿದ್ದಳು. ಅಜ್ಜನ ಬೆರಳಿನ ನಶ್ಯ ಮೂಗಿಗೆ ಹೋಗುವ ದಾರಿಯಲ್ಲೇ ನಿಂತಿತ್ತು. ಅದೇ ಮಾತನ್ನು ಅವರು ಆಗಲೇ ಗೋಡೆಯಾಚೆಯಿಂದ ಕೇಳಿದ್ದರು. ಆಗ ಕೈ ನಿಂತಿರಲಿಲ್ಲ.

“ಏನಂದೀ?”

“ನಾನಲ್ಲಜ್ಜ. ಅವ್ವ ಅಂದಿದ್ದು.”

ಅಜ್ಜನ ಮುಖ ಕೆಂಪಗಾಯಿತು. ಗೋಡೆಯ ಕಡೆ ತಿರುಗಿ, ಹುಡುಗಿಗೆ ಹೇಳುವ ನೆಪದಲ್ಲಿ ಕೂಗಿದರು. “ಹೇಳು ನಿಮ್ಮವ್ವಗೆ! ನಾ ಬದುಕಿರಾತನ ಈ ಮನ್ಯಾಗ ನಂದೇ ಮಾತು. ಹೋಗಾಕಿ ಇವತ್ತೇ ಹೋಗ್ಲಿ. ಬಾಗಿಲು ದೊಡ್ಡದೈತಿ. ಎರಡು ರೊಟ್ಟಿ ಬಡಿಯಾಕಿ ಇಲ್ಲಾಂತ ಯಾರೂ ಸತ್ತಿಲ್ಲ!”

ಇಂಥ ಮಾತು ಅವರ ಬಾಯಲ್ಲಿ ನಾನು ಹಿಂದೆಯೂ ಕೇಳಿದ್ದೆ. ಅದು ಯಾವತ್ತೂ ಅಡಿಗೆಮನೆಯವರೆಗೆ ಹೋಗಿರಲಿಲ್ಲ. ದಾರಿಯಲ್ಲೇ ಕರಗುತ್ತಿತ್ತು. ಕರಗುತ್ತದೆ ಎಂಬ ಭರವಸೆಯಿಂದಲೇ ಅವರು ಅಷ್ಟು ಜೋರಾಗಿ ಆಡುತ್ತಿದ್ದರೋ ಏನೋ.

ಹುಡುಗಿ ತಿರುಗಿ ಅಡಿಗೆಮನೆಯ ಬಾಗಿಲಿಗೆ ಹೋದಳು. ನನಗೆ ಅವಳ ಬೆನ್ನು, ಜಡೆ ಮಾತ್ರ ಕಾಣುತ್ತಿದ್ದವು.

“ಅವ್ವ, ಅಜ್ಜ ಅಂದ್ರು,” ಎಂದಳು. ನಿಂತಳು. “‘ನಾ ಬದುಕಿರಾತನ ಈ ಮನ್ಯಾಗ ನಂದೇ ಮಾತು. ಹೋಗಾಕಿ ಇವತ್ತೇ ಹೋಗ್ಲಿ. ಬಾಗಿಲು ದೊಡ್ಡದೈತಿ. ಎರಡು ರೊಟ್ಟಿ...’”

“ಏ, ಸಾಕು!” ಅಜ್ಜ ಅರ್ಧ ಎದ್ದರು. “ಹೆತ್ತ ತಾಯಿಗೆ ಹಂಗಂತಾರೇನೇ?”

ಅವಳು ತಿರುಗಿದಳು. ಕಣ್ಣಲ್ಲಿ ನೀರು ತುಂಬಿತ್ತು, ದನಿ ಮಾತ್ರ ತರಗತಿಯಲ್ಲಿ ಓದುವವಳ ದನಿ. “ನಾನಂದಿಲ್ಲಜ್ಜ. ನೀನು ಅಂದಿದ್ದು.”

“ಇಷ್ಟು ದಿನ ಹಿಂಗೇ ಹೇಳ್ತಿದ್ಯೇನು?”

“ಇಲ್ಲ. ಇಷ್ಟು ದಿನ ತಿದ್ದಿ ಹೇಳ್ತಿದ್ದೆ.”

ಒಳಗೆ ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಅಜ್ಜ ನಿಧಾನವಾಗಿ ನನ್ನ ಬಾಗಿಲ ಕಡೆ ನೋಡಿದರು.

“ಅಕ್ಕೋರೆ, ಇದು ನೀವು ಕಲಿಸಿದ್ದೇನ್ರೀ?”

ಇಲ್ಲ ಎನ್ನಬಹುದಿತ್ತು. ನಾನು ಕಲಿಸಿದ್ದು ಇಂಗ್ಲಿಷ್, ಪರೀಕ್ಷೆಗೆ ಬೇಕಾದಷ್ಟು. ಬೇರೆ ಕೋಣೆ ಆ ಊರಿನಲ್ಲಿ ಒಂಟಿ ಹೆಣ್ಣಿಗೆ ಸುಲಭವಾಗಿ ಸಿಗುತ್ತಿರಲಿಲ್ಲ ಎಂಬುದೂ ಆ ಕ್ಷಣದಲ್ಲಿ ತಲೆಯಲ್ಲಿ ಹಾದುಹೋಯಿತು.

“ಹೌದು, ನಾನೇ ಕಲಿಸಿದ್ದು,” ಎಂದೆ. “ನಾಳೆ ಅವಳನ್ನ ನಾನು ಕರ್ಕೊಂಡು ಹೋಗೋದಿಲ್ಲ.”

ಅವರು ಬೆರಳಿನ ನಶ್ಯವನ್ನು ಡಬ್ಬಿಗೆ ಮರಳಿ ಉದುರಿಸಿ ಮುಚ್ಚಳ ಹಾಕಿದರು. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ, “ಉಣ್ಣಾಕೆ ಬರಬೇಕಂತೆ ಅನ್ನು,” ಎಂದು ಕೇಳಿಸಿತು. ಹುಡುಗಿ ಬಂದು, “ಅಜ್ಜ, ಅವ್ವ ಅಂದ್ಲು, ‘ಉಣ್ಣಾಕೆ ಬರಬೇಕಂತೆ ಅನ್ನು,’” ಎಂದಳು. ಬೇರೆ ದಿನವಾಗಿದ್ದರೆ ನನಗೆ ನಗು ಬರುತ್ತಿತ್ತು. ಅಜ್ಜ ಎದ್ದು ಹೋಗಿ ಊಟ ಮಾಡಿದರು. ಗೋಡೆಯ ಪಕ್ಕದ ಗಂಟನ್ನು ಯಾರೂ ಬಿಚ್ಚಲಿಲ್ಲ.

ಶನಿವಾರ ಬೆಳಿಗ್ಗೆ ಅಡಿಗೆಮನೆಯಿಂದ ಕೊಬ್ಬರಿ, ಅಂಟು ಹುರಿಯುವ ವಾಸನೆ ಬರುತ್ತಿತ್ತು. ಬಾಣಂತಿಗೆ ಉಂಡೆ ಕಟ್ಟುತ್ತಿದ್ದರು. ಅಂದರೆ ಯಾರೋ ಹೊಸಬಾಳೆಗೆ ಹೋಗುವುದು ಖಂಡಿತ. ಹುಡುಗಿ ಶಾಲೆಗೆ ಹೊರಟಳು.

ಕೊನೆಯ ಪಾಠದ ನಡುವೆ ಕಿಟಕಿಯಾಚೆ ನೋಡಿದ ಹುಡುಗಿಯ ಕೈಯ ಪೆನ್ಸಿಲ್ ಕೆಳಗೆ ಬಿತ್ತು. ಗೇಟಿನ ಬಳಿ ಅಜ್ಜ ನಿಂತಿದ್ದರು. ರುಮಾಲು ಸುತ್ತಿ, ಕೊಡೆ ಹಿಡಿದು, ಹೆಗಲಿಗೆ ಒಂದು ಗಂಟು. ಅದು ಹುಡುಗಿಯ ಬಟ್ಟೆಯ ಗಂಟೋ ಅಲ್ಲವೋ, ಅಷ್ಟು ದೂರದಿಂದ ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಕ್ಕಿಲ್ಲ. ಗಂಟೆ ಹೊಡೆಯಿತು. ಮಕ್ಕಳೆಲ್ಲ ಗದ್ದಲ ಮಾಡಿಕೊಂಡು ಹೊರಟರು. ಅವಳು ಎಲ್ಲರಿಗಿಂತ ಕೊನೆಗೆ ಎದ್ದು, ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು ಗೇಟಿನವರೆಗೆ ನಡೆದಳು. ನಾನು ಜಗುಲಿಯಲ್ಲಿ ನಿಂತು ನೋಡಿದೆ. ಅಜ್ಜ ಕೊಡೆಯ ತುದಿಯಿಂದ ನೆಲ ಕೆದಕುತ್ತ ಏನೋ ಹೇಳಿದರು. ಅವಳು ಏನೋ ಕೇಳಿದಳು. ಅವರು ಮತ್ತೆ ಹೇಳಿದರು. ಬಸ್ ಸ್ಟಾಂಡಿನ ಕಡೆ ತಿರುಗಿ ನಡೆದುಬಿಟ್ಟರು.

ಹುಡುಗಿ ಓಡಿ ಬಂದಳು. ಓಡಿ ಬಂದ ಉಸಿರು ಇಳಿಯುವ ತನಕ ಕಾದಳು.

“ಅಕ್ಕೋರೆ, ಅಜ್ಜ ಅಂದ್ರು, ‘ನಾನೊಬ್ನೇ ಹೋಗ್ತೀನಿ. ನೀನು ನಿಮ್ಮವ್ವನ ಹತ್ರ ಇದ್ದು ಓದು.’”

“ಹಾಗೇ ಅಂದರಾ?”

“ಹಂಗೇ ಅಂದ್ರು.” ಅವಳ ಮುಖ ಅರಳಿತು. “ನಿನಗೆ ಕೂಸು ಆಡಸಾಕೆ ಬರ್ತೈತೇನಜ್ಜ ಅಂತ ಕೇಳಿದೆ. ‘ನಿಮ್ಮಪ್ಪನ್ನ ಯಾರು ಆಡಿಸಿದ್ರು ಅಂತ ಮಾಡೀ?’ ಅಂದ್ರು.”

ನಾನು ಬಸ್ಸು ಹತ್ತಿದಾಗ ಅಜ್ಜ ಮುಂದಿನ ಸೀಟಿನಲ್ಲಿ ಕೂತಿದ್ದರು. ಗಂಟು ತೊಡೆಯ ಮೇಲಿತ್ತು. ಅಂಟಿನುಂಡೆಯ ವಾಸನೆ ಬಸ್ಸೆಲ್ಲ ಹರಡಿತ್ತು. ನನ್ನನ್ನು ನೋಡಿ ಮುಖ ಕಿಟಕಿಗೆ ತಿರುಗಿಸಿದರು. ನಾನು ಹಿಂದೆ ಹೋಗಿ ಕೂತೆ. ಶಿರಾಳಕೊಪ್ಪದವರೆಗೆ ಹಾಗೆಯೇ ಬಂದೆವು. ಅಲ್ಲಿ ಬಸ್ಸು ನಿಂತು ಜನ ಇಳಿದು ಹತ್ತುವಾಗ ಅವರು ಕಂಡಕ್ಟರನನ್ನು ಕರೆದರು. ದನಿ ಬಸ್ಸಿನ ಕೊನೆಯ ಸೀಟಿಗೂ ಕೇಳುವಂತಿತ್ತು.

“ಹಿಂದ ಅಕ್ಕೋರು ಕುಂತಾರಲ್ಲ, ಅವರಿಗೆ ಹೇಳಪ್ಪ. ಹುಡುಗಿನ್ನ ಪರೀಕ್ಷಿಗೆ ಕುಂದರಿಸೀರಿ, ಸಂತೋಷ. ಫೇಲಾದ್ಲು ಅಂದ್ರೆ ನಾನು ಅವಳನ್ನ ಕೇಳಲ್ಲ, ನಿಮ್ಮನ್ನೇ ಕೇಳ್ತೀನಿ ಅನ್ನು.”

ಕಂಡಕ್ಟರ್ ಒಮ್ಮೆ ಅವರನ್ನೂ ಒಮ್ಮೆ ನನ್ನನ್ನೂ ನೋಡಿದ. ಸೀಟುಗಳ ನಡುವೆ ದಾರಿ ಮಾಡಿಕೊಂಡು ಹಿಂದೆ ಬಂದು, ಟಿಕೆಟ್ಟಿನ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿ, ಬಹಳ ವಿನಯದಿಂದ ಹೇಳಿದ. “ಅಕ್ಕೋರೆ, ಹುಡುಗೀಗೆ ಸ್ವಲ್ಪ ಚೆನ್ನಾಗಿ ಹೇಳ್ಕೊಡಬೇಕಂತೆ.”

“ಆಗಲಿ ಅಂತ ಹೇಳಿ,” ಎಂದೆ.

ಅವನು ಅಲ್ಲಿಂದಲೇ ಕೂಗಿದ. “ಆಗ್ಲಂತೆ ಅಜ್ಜಾರೆ!”

ಅಜ್ಜ ತಿರುಗಲಿಲ್ಲ. ರುಮಾಲು ಒಮ್ಮೆ ಮೇಲೆ ಕೆಳಗೆ ಆಡಿತು. ಬಸ್ಸು ಹೊರಟಿತು.

ಪರೀಕ್ಷೆ ಮುಗಿದ ವಾರವೇ ಸೊಸೆ ತಾವು ಹೇಳಿದಂತೆ ಹೊಸಬಾಳೆಗೆ ಹೋಗಿ ಬಾಣಂತನಕ್ಕೆ ನಿಂತರು, ಅಜ್ಜ ಮರಳಿ ಬಂದರು. ಹುಡುಗಿ ಪಾಸಾದಳು, ಜೂನಿನಲ್ಲಿ ಹೈಸ್ಕೂಲಿಗೆ ಸೇರಿದಳು. ಅಜ್ಜ ನನ್ನನ್ನು ಏನೂ ಕೇಳಲಿಲ್ಲ. ಯಾರ ಕೈಲೂ ಕೇಳಿಸಲೂ ಇಲ್ಲ.